ವರ್ಕಿ ಮಾವ ಅತ್ತದ್ದು ಯಾಕೆ

ಆ ತಿಂಗಳು ಕಡಬದಿಂದ ನೆಲ್ಯಾಡಿಯವರೆಗೆ ಜನರಿಗೆ ಬೇರೆ ಮಾತೇ ಇರಲಿಲ್ಲ. ಅಡಿಕೆಯ ರೇಟು, ತೋಟಕ್ಕೆ ಆನೆ ಬಂದದ್ದು, ಪಂಚಾಯಿತಿಯ ಜಗಳ ಎಲ್ಲ ಮೂಲೆಗೆ ಬಿದ್ದವು. ಎಲ್ಲಿ ನಾಲ್ಕು ಜನ ಸೇರಲಿ, ಒಂದೇ ಚರ್ಚೆ. ವರ್ಕಿ ಮಾವ ಕೊನೆಗೆ ಸತ್ತಿದ್ದನೋ ಇಲ್ಲವೋ? ಸತ್ತಿದ್ದರೆ ಅತ್ತದ್ದು ಹೇಗೆ?

ವರ್ಕಿ ಮಾವ ಎಂದರೆ ಊರಿನ ಯಾರೋ ಹಿರಿಯರೆಂದು ತಿಳಿಯಬೇಡಿ. ಅವನು ‘ಮಾವನ ಮೆರವಣಿಗೆ’ ಎಂಬ ಸಿನಿಮಾದ ಹೆಣ. ಮೂವರು ಅಳಿಯಂದಿರು, ಒಬ್ಬನಿಗೆ ತಿಳಿಯದಂತೆ ಇನ್ನೊಬ್ಬ, ಒಂದೇ ದಿನ ಮಾವನಿಗೆ ವಿಷ ಹಾಕುತ್ತಾರೆ. ಆಮೇಲೆ ಒಬ್ಬ ಬಚ್ಚಿಟ್ಟ ಹೆಣವನ್ನು ಮತ್ತೊಬ್ಬ ಎತ್ತಿಕೊಂಡು ಓಡುತ್ತಾನೆ. ಮಾವ ರಿಕ್ಷಾದಲ್ಲಿ, ಹಾಲಿನ ವ್ಯಾನಿನಲ್ಲಿ, ಮದುವೆ ದಿಬ್ಬಣದ ಬಸ್ಸಿನ ಕಿಟಕಿ ಸೀಟಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಊರೆಲ್ಲ ತಿರುಗುತ್ತಾನೆ. ಪೊಲೀಸಿನವನೊಬ್ಬ ಅವನಿಗೆ ಸಲಾಮು ಹೊಡೆಯುತ್ತಾನೆ. ಥಿಯೇಟರಿನಲ್ಲಿ ಜನ ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತಾರೆ. ಅಂತೂ ಕೊನೆಗೆ ಮಾವ ಮನೆಯಂಗಳದಲ್ಲಿ ಪೆಟ್ಟಿಗೆಯೊಳಗೆ ಮಲಗುತ್ತಾನೆ, ಹೆಂಡತಿ ಬಗ್ಗಿ ಹಣೆಗೆ ಕೊನೆಯ ಮುತ್ತು ಕೊಡುತ್ತಾಳೆ, ಆಗ ಹೆಣದ ಎಡಗಣ್ಣಿನಿಂದ ಒಂದು ಹನಿ ಇಳಿದು ಕಿವಿಯ ಕಡೆ ಹೋಗುತ್ತದೆ. ಮುಚ್ಚಳ ಬೀಳುತ್ತದೆ. ಸಿನಿಮಾ ಮುಗಿಯಿತು, ಎದ್ದು ಹೋಗಿ.

ಎದ್ದು ಹೋದ ಜನ ಸುಮ್ಮನಿರಬೇಕಲ್ಲ. ಆ ಹನಿ ಅವರ ತಲೆಯೊಳಗೆ ಹುಳ ಬಿಟ್ಟಿತು. ಅದಕ್ಕೆ ಉತ್ತರ ಹೇಳಬಲ್ಲ ಒಬ್ಬನೇ ಒಬ್ಬ ಮನುಷ್ಯ ಕಡಬದಾಚೆಯ ಗುಡ್ಡದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡಿಕೊಂಡಿದ್ದ. ಹೆಸರು ಜೋಸ್. ಹೆಣವಾಗಿ ಮಲಗಿದ್ದವನು ಅವನೇ.

ಐವತ್ತು ದಾಟಿದ, ಬಿದಿರಿನ ಹಾಗೆ ಉದ್ದಕ್ಕಿರುವ ಆಳು. ಅಪ್ಪ ಕೇರಳದ ಪಾಲಾಯಿಯಿಂದ ಬಂದು ಈ ಗುಡ್ಡ ಕಡಿದು ರಬ್ಬರ್ ಹಾಕಿದವರು. ಜೋಸ್ ಹುಟ್ಟಿದ್ದು, ಕನ್ನಡ ಶಾಲೆಗೆ ಹೋದದ್ದು, ಮದುವೆಯಾದದ್ದು, ಒಬ್ಬಂಟಿಯಾದದ್ದು ಎಲ್ಲ ಇಲ್ಲೇ. ಮಾತು ಕಡಿಮೆ. ಕಡಿಮೆ ಎಂದರೆ, ಬೆಳಿಗ್ಗೆ ಮರಕ್ಕೆ ಕತ್ತಿ ಹಾಕಿ ಹಾಲು ಸಂಗ್ರಹಿಸಿ, ಶೀಟು ಒತ್ತಿ, ಒಣಗಲು ಹೊಗೆಗೂಡಿನಲ್ಲಿ ನೇತು ಹಾಕಿ ಸಂಜೆ ಕಡಬದ ಪೇಟೆಗೆ ಇಳಿಯುವವರೆಗೆ ಅವನ ಬಾಯಿಂದ ಒಂದು ಶಬ್ದ ಬಾರದ ದಿನಗಳು ಎಷ್ಟೋ. ಪೇಟೆಯಲ್ಲಾದರೂ ಏನು? ‘ಒಂದು ಚಾ’ ಎನ್ನುತ್ತಿದ್ದ. ಎರಡು ಶಬ್ದ ಆಯಿತಲ್ಲ, ಅಷ್ಟೇ.

ಇಂಥವನು ಸಿನಿಮಾ ಸೇರಿದ್ದು ಅಲುಗಾಡದೆ ನಿಂತದ್ದಕ್ಕೆ. ಪಕ್ಕದ ಎಸ್ಟೇಟಿನ ಮನೆಯಲ್ಲಿ ಶೂಟಿಂಗ್ ಇತ್ತು. ಹೆಣದ ಪಾತ್ರಕ್ಕೆ ಬಂದಿದ್ದ ನಟನ ಮುಖಕ್ಕೆ ಮೊದಲ ದಿನವೇ ಕಣಜ ಕಚ್ಚಿ ಮುಖ ಹಲಸಿನ ಹಣ್ಣಾಯಿತು. ಡೈರೆಕ್ಟರ್ ತಲೆ ಮೇಲೆ ಕೈ ಹೊತ್ತು ಕುಳಿತಿದ್ದಾಗ ಬೇಲಿಯಾಚೆ ನೋಡುತ್ತ ನಿಂತಿದ್ದವರ ನಡುವೆ ಒಬ್ಬ ಉದ್ದದ ಮನುಷ್ಯ ಕಂಡ. ನೊಣ ಮೂಗಿನ ಮೇಲೆ ಕೂತರೂ ಕೈಯೆತ್ತದೆ ನಿಂತಿದ್ದಾನೆ! ‘ಅವರನ್ನು ಕರೀರಿ’ ಎಂದ ಡೈರೆಕ್ಟರ್. ಜೋಸ್ ಬೇಡ ಎನ್ನಲಿಲ್ಲ. ಬೇಡ ಎನ್ನುವುದಕ್ಕೂ ಮಾತಾಡಬೇಕಲ್ಲ.

ಸಿನಿಮಾ ಬಿಡುಗಡೆಯಾದ ಮೇಲೆ ಮಾತ್ರ ಅವನಿಗೆ ಬಿಡುಗಡೆ ಇಲ್ಲದಾಯಿತು. ಕಡಬದಲ್ಲಿ ಅಫ್ರೀದನ ಚಾದಂಗಡಿಗೆ ಕಾಲಿಟ್ಟರೆ ಸಾಕು.

“ಜೋಸಣ್ಣ, ಒಂದು ಸತ್ಯ ಹೇಳಿ,” ಎನ್ನುತ್ತಿದ್ದ ಅಫ್ರೀದ್ ಚಾ ಎತ್ತಿ ಹೊಯ್ಯುತ್ತ. “ನೀವು ಸತ್ತದ್ದೇ ಅಲ್ವಾ? ನನ್ನ ಪ್ರಕಾರ ಅದು ಕಣ್ಣೀರೇ ಅಲ್ಲ. ಫ್ರೀಜರ್ ಪೆಟ್ಟಿಗೆಯಿಂದ ಹೊರಗೆ ತೆಗೆದ್ರೆ ಬೆವರುದಿಲ್ವಾ? ಐಸ್‌ಕ್ರೀಮ್ ಡಬ್ಬ ಬೆವರ್ತದಲ್ಲ, ಹಾಗೆ.”

ವಾರಕ್ಕೊಮ್ಮೆ ಪಿಕಪ್ ತಂದು ರಬ್ಬರ್ ಶೀಟು ಒಯ್ಯುವ ಸುಳ್ಯದ ವ್ಯಾಪಾರಿ ತೀರ್ಥರಾಮ ಇದನ್ನು ಒಪ್ಪುವವನಲ್ಲ. “ಎಂತ ಐಸ್‌ಕ್ರೀಮ್ ಮಾರಾಯ. ವಿಷ ಹಾಕಿದ್ದು ಮೂರು ಜನ. ಒಂದು ವಿಷ ಇನ್ನೊಂದನ್ನು ಕೊಂದಿದೆ, ಮಾವ ಉಳ್ಕೊಂಡಿದ್ದಾನೆ. ಜೀವ ಇದ್ದವನನ್ನು ಹೂತದ್ದು. ಕ್ರೈಮ್ ಇರುದು ಅಲ್ಲೇ. ಡೈರೆಕ್ಟರ್ ಭಯಂಕರ ಬುದ್ಧಿವಂತ.”

“ಹಾಗಾದ್ರೆ ಬಸ್ಸಲ್ಲಿ ಕೂರಿಸುವಾಗ ಎದ್ದು ಬರ್ಬಹುದಿತ್ತಲ್ಲ?”

“ಬರ್ತಾನೆ ಎಂತ? ಬಂದು ಆ ಮನೆಯಲ್ಲಿ ಬದುಕ್ಬೇಕಲ್ಲ. ಅದಕ್ಕಿಂತ ಪೆಟ್ಟಿಗೆ ಲಾಯ್ಕ ಅಂತ ಮಲಗಿದ್ದು.”

ಇಗರ್ಜಿಯ ಪಾದ್ರಿ, ಎಲ್ಲರ ಬಾಯಲ್ಲಿ ಅಚ್ಚನ್, ಸಿನಿಮಾ ನೋಡಿ ಮೂಗು ಮುರಿದರು. ಸತ್ತವರನ್ನು ಇಟ್ಟುಕೊಂಡು ಇಷ್ಟು ಹುಡುಗಾಟಿಕೆ ಸಲ್ಲದು ಎಂದರು. ಆದರೆ ಪೂಜೆ ಮುಗಿಸಿ ಹೊರಗೆ ಬಂದವರು ಜೋಸನ ಹೆಗಲು ತಟ್ಟಿ, ಪಾಪದ ಪಶ್ಚಾತ್ತಾಪ ಆ ಒಂದು ಹನಿಯಲ್ಲಿ ಬಂತು, ಚೆನ್ನಾಗಿ ಮಾಡಿದ್ದೀಯ ಎಂದರು. ಹೆಣಕ್ಕೆ ಯಾವ ಪಾಪ, ಪಾಪ ಮಾಡಿದ್ದು ಅಳಿಯಂದಿರಲ್ಲವೇ ಎಂದು ಕೇಳುವ ಧೈರ್ಯ ಯಾರಿಗೆ ಉಂಟು?

ಎಲ್ಲರಿಗೂ ಜೋಸನ ಉತ್ತರ ಒಂದೇ. “ಡೈರೆಕ್ಟರ್ ಹತ್ರ ಕೇಳಿ.” ಡೈರೆಕ್ಟರೋ, ಇಂಟರ್‌ವ್ಯೂಗಳಲ್ಲಿ ಗಡ್ಡ ಸವರಿಕೊಂಡು ‘ಅದನ್ನು ಪ್ರೇಕ್ಷಕರಿಗೇ ಬಿಟ್ಟಿದ್ದೇನೆ’ ಎನ್ನುತ್ತಿದ್ದ. ಬಿಡದೆ ಇನ್ನೇನು ಮಾಡುತ್ತಾನೆ, ಅವನಿಗೇ ಗೊತ್ತಿಲ್ಲ.

ಗೊತ್ತಿದ್ದದ್ದು ಜೋಸನಿಗೆ ಮಾತ್ರ. ಅವನು ಸಿನಿಮಾ ನೋಡಿಯೇ ಇರಲಿಲ್ಲ. ಮೊದಲ ಪ್ರದರ್ಶನಕ್ಕೆ ಪುತ್ತೂರಿಗೆ ಬನ್ನಿ ಎಂದು ಫೋನು ಬಂದಾಗ ಮೈ ಹುಷಾರಿಲ್ಲ ಎಂದುಬಿಟ್ಟ. ಸಿನಿಮಾಕ್ಕೆ ಒಬ್ಬನೇ ಹೋಗಿ ಕೂರುವುದು ಹೇಗೆ ಎಂದು ಅವನಿಗೆ ತಿಳಿಯದು. ಅದಕ್ಕಿಂತ ದೊಡ್ಡದು, ಆ ಹನಿಯನ್ನು ನೋಡಲು ಅವನಿಗೆ ಹೆದರಿಕೆ.

ಯಾಕೆಂದು ಹೇಳುವ ಮೊದಲು ಒಂದು ಪದ್ಧತಿ ತಿಳಿಸಬೇಕು. ಕೇರಳದಿಂದ ಬಂದ ಈ ಕ್ರೈಸ್ತ ಮನೆಗಳಲ್ಲಿ ಹೆಣವನ್ನು ಒಯ್ಯುವ ಮುಂಚೆ ಮನೆಯವರು ಒಬ್ಬೊಬ್ಬರಾಗಿ ಬಂದು ಕೊನೆಯ ಮುತ್ತು ಕೊಡುತ್ತಾರೆ. ಹೆತ್ತವರು, ಹೆಂಡತಿ, ಗಂಡ, ಮಕ್ಕಳು. ಹತ್ತಿರದವರಲ್ಲಿ ಒಬ್ಬರು ಬಾಕಿ ಇದ್ದರೂ ಕಾಯುತ್ತಾರೆ. ಎಲ್ಲರದ್ದೂ ಮುಗಿದ ಮೇಲೆಯೇ ಮುಖ ಮುಚ್ಚುವುದು, ಮುಚ್ಚಳ ಹಾಕುವುದು.

ಜೋಸ್ ಮತ್ತು ಡೈಸಿಗೆ ಒಬ್ಬ ಮಗನಿದ್ದ. ಲಿಜೋ. ಎರಡನೆಯ ಕ್ಲಾಸು. ಇಡೀ ದಿನ ಅಪ್ಪನ ಹಿಂದೆ ಮರದಿಂದ ಮರಕ್ಕೆ ಓಡುತ್ತ, ಮರಕ್ಕೆ ಕಟ್ಟಿದ ಚಿಪ್ಪಿನಲ್ಲಿ ಉಳಿದ ರಬ್ಬರನ್ನು ಕಿತ್ತು ಉಂಡೆ ಕಟ್ಟಿ ಚೆಂಡು ಮಾಡಿಕೊಳ್ಳುತ್ತಿದ್ದ ಹುಡುಗ. ಒಂದು ಮಳೆಗಾಲ ಜ್ವರ ಬಂತು. ಕಡಬ, ಪುತ್ತೂರು, ಮಂಗಳೂರು ಎಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋದರು. ಬಂದದ್ದು ಪೆಟ್ಟಿಗೆಯಲ್ಲಿ.

ಆ ದಿನ ಅಂಗಳದಲ್ಲಿ ಕೊನೆಯ ಮುತ್ತಿನ ಹೊತ್ತಾದಾಗ ಅಪ್ಪ ಕಾಣಿಸಲಿಲ್ಲ. ಹುಡುಕಿದವರಿಗೆ ಸಿಕ್ಕಿದ್ದು ಹೊಗೆಗೂಡಿನಲ್ಲಿ. ಶೀಟುಗಳನ್ನು ಮಗುಚಿ ಹಾಕುತ್ತ ನಿಂತಿದ್ದ. ಕರೆದರೆ ಬರಲಿಲ್ಲ. ಕೈ ಹಿಡಿದು ಎಳೆದರೆ ಕದಲಲಿಲ್ಲ. ಕಣ್ಣುಗಳು ಒಣಗಿದ್ದವು. ಹೊಗೆಯಲ್ಲೂ ಕಣ್ಣು ಒದ್ದೆಯಾಗದ ಮನುಷ್ಯ ಎಂದು ಯಾರೋ ಆಮೇಲೆ ಆಡಿಕೊಂಡರು. ಅವನಿಲ್ಲದೆಯೇ ಪೆಟ್ಟಿಗೆ ಹೊರಟಿತು.

ಡೈಸಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ಮೊದಲು ಅವನನ್ನು ‘ಲಿಜೋನ ಪಪ್ಪ’ ಎಂದು ಕರೆಯುತ್ತಿದ್ದವಳು ಆಮೇಲೆ ಏನೆಂದೂ ಕರೆಯಲಿಲ್ಲ. ಗಂಜಿ ಬಡಿಸಿ ತಟ್ಟೆಯ ಸದ್ದು ಮಾಡುತ್ತಿದ್ದಳು, ಅವನು ಬಂದು ಉಣ್ಣುತ್ತಿದ್ದ. ಮುಂದಿನ ಮಳೆಗಾಲಕ್ಕೆ ಮೊದಲು ಪುತ್ತೂರಿನ ಹುಡುಗಿಯರ ಹಾಸ್ಟೆಲೊಂದರಲ್ಲಿ ಮೇಟ್ರನ್ ಕೆಲಸ ಹಿಡಿದು ಹೊರಟುಹೋದಳು. ವರ್ಷಕ್ಕೊಮ್ಮೆ, ಮಗ ತೀರಿದ ದಿನ, ಬಸ್ಸಿನಲ್ಲಿ ಬಂದು ಸಿಮೆತ್ರಿಯಲ್ಲಿ ಅವನ ಗೋರಿಗೆ ಮೇಣದ ಬತ್ತಿ ಹಚ್ಚಿ ಅದೇ ಬಸ್ಸು ತಿರುಗಿ ಬರುವಾಗ ಹತ್ತಿ ಹೋಗುತ್ತಾಳೆ. ಅವಳು ಹೋದ ಮೇಲೆ ಜೋಸ್ ಹೋಗುತ್ತಾನೆ. ಉರಿಯುತ್ತಿರುವ ಬತ್ತಿಯನ್ನು ನೋಡುತ್ತ ಅದು ಆರುವವರೆಗೆ ಕೂರುತ್ತಾನೆ. ಗಂಡ ಹೆಂಡತಿಯ ಭೇಟಿ ಎಂದರೆ ಇಷ್ಟು.

ಅಂಥವನನ್ನು ತಂದು ಪೆಟ್ಟಿಗೆಯಲ್ಲಿ ಮಲಗಿಸಿದರು ನೋಡಿ. ಕೈಗೆ ಬಿಳಿ ಗ್ಲೌಸು, ಕಾಲಿಗೆ ಬಿಳಿ ಕಾಲುಚೀಲ, ಬೆರಳುಗಳ ನಡುವೆ ಜಪಮಾಲೆ, ಮೂಗಿಗೆ ಹತ್ತಿ. ಸುತ್ತ ಸೇವಂತಿಗೆ. ಮಂಗಳೂರಿನ ನಾಟಕದ ನಟಿಯೊಬ್ಬರು ಹೆಂಡತಿಯ ಪಾತ್ರದವರು. ಉಸಿರು ಹಿಡಿಯಿರಿ ಎಂದರು, ಹಿಡಿದ. ಆಕೆ ಬಗ್ಗಿ ಹಣೆಗೆ ತುಟಿ ಒತ್ತಿದರು. ಬೆಚ್ಚಗಿತ್ತು. ಎಷ್ಟೋ ವರ್ಷದಿಂದ ಅವನ ಮುಖವನ್ನು ಯಾರೂ ಮುಟ್ಟಿರಲಿಲ್ಲ. ಪೆಟ್ಟಿಗೆಯೊಳಗಿಂದ ಹೀಗೆ ಇರುತ್ತದೆಯೇ, ಲಿಜೋಗೆ ಎಲ್ಲರದ್ದೂ ಸಿಕ್ಕಿತು, ನನ್ನದೊಂದು ಸಿಗಲಿಲ್ಲ ಎಂದು ಅನ್ನಿಸಿತು. ಅಷ್ಟೇ. ಕಣ್ಣು ಅವನ ಮಾತು ಕೇಳಲಿಲ್ಲ.

ಶಾಟ್ ಹಾಳಾಯಿತು ಎಂದು ಅವನು ನಾಚಿಕೆಯಿಂದ ಹಿಡಿಯಾದ. ಡೈರೆಕ್ಟರ್ ಅದನ್ನು ಮಾನಿಟರಿನಲ್ಲಿ ಮತ್ತೊಮ್ಮೆ ಹಾಕಿಸಿ ನೋಡಿದ. ಆಮೇಲೆ ‘ಇನ್ನೊಂದು ಟೇಕ್ ಬೇಡ’ ಎಂದ.

ಇಷ್ಟು ದಿನ ಜನರ ಅಭಿಪ್ರಾಯಗಳು ಜೋಸನ ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಗುತ್ತಿದ್ದವು. ಒಂದು ಸಂಜೆ ಅಫ್ರೀದ್ ಚಾ ಕೊಡುವುದು ಬಿಟ್ಟು ಫೋನು ಮುಂದೆ ಹಿಡಿದ. “ಇದನ್ನು ನೋಡಿ ಜೋಸಣ್ಣ. ಪುತ್ತೂರಿನ ಕಾಲೇಜು ಹುಡುಗಿ, ಪ್ರಣೀತಾ ಅಂತ. ಸಿನಿಮಾ ರಿವ್ಯೂ ಮಾಡುದು. ನಿಮ್ಮ ಬಗ್ಗೆಯೇ ಉಂಟು.”

ಹುಡುಗಿ ಪಟಪಟನೆ ಮಾತಾಡುತ್ತಿದ್ದಳು. ಮೊದಲರ್ಧ ಸೂಪರ್, ಎರಡನೇ ಅರ್ಧ ಸ್ವಲ್ಪ ಎಳೆದಿದ್ದಾರೆ, ಬಸ್ಸಿನ ಸೀನಿಗೆ ನಕ್ಕು ನಕ್ಕು ಸಾಕಾಯಿತು. ಆಮೇಲೆ ಹೇಳಿದಳು: “ಕೊನೆಯ ಸೀನಲ್ಲಿ ಒಂದು ವಿಷಯ ಆಯ್ತು ಗೊತ್ತುಂಟಾ? ನಮ್ಮ ಹಾಸ್ಟೆಲಿನ ಡೈಸಿ ಆಂಟಿಯನ್ನು ನಾವೆಲ್ಲ ಒತ್ತಾಯ ಮಾಡಿ ಕರ್ಕೊಂಡು ಹೋಗಿದ್ದು. ಹೆಣದ ಕಣ್ಣಲ್ಲಿ ನೀರು ಬಂದಾಗ ಇಡೀ ಥಿಯೇಟರ್ ಹೋ ಅಂತ ನಗ್ತಾ ಇತ್ತು. ಆಂಟಿ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ಅಳ್ತಾ ಇದ್ರು. ಯಾಕೆ ಅಂತ ಕೇಳಿದ್ರೆ ಹೇಳುದಿಲ್ಲ. ಆದ್ರೆ ಒಂದು ಸಿನಿಮಾ ನಗಿಸ್ತಾ ನಗಿಸ್ತಾ ಅಳಿಸ್ತದೆ ಅಂದ್ರೆ...”

ಮುಂದಿನದು ಜೋಸನಿಗೆ ಕೇಳಿಸಲಿಲ್ಲ. ಡೈಸಿ ನೋಡಿದಳು. ನೋಡಿ ಅತ್ತಳು. ಅತ್ತದ್ದು ಸಿಟ್ಟಿಗೋ? ಮಗನಿಗೆ ಬಾರದ ಕಣ್ಣೀರು ಯಾರೋ ನಟಿಯ ಮುತ್ತಿಗೆ, ಕೂಲಿಗೆ, ಕ್ಯಾಮರಾದ ಎದುರು ಬಂತಲ್ಲ ಎಂದೋ? ಅವಳು ಹಾಗೆ ತಿಳಿದಿದ್ದರೆ ಇನ್ನು ವರ್ಷಕ್ಕೊಮ್ಮೆಯ ಬತ್ತಿಯ ಬೆಳಕಿನಲ್ಲಿ ಕೂರುವ ಯೋಗ್ಯತೆಯೂ ತನಗಿಲ್ಲ ಎಂದುಕೊಂಡ. ಊರೆಲ್ಲ ಅಭಿಪ್ರಾಯ ಹೇಳಿದೆ, ಹೇಳಲಿ. ಅವನಿಗೆ ಬೇಕಾದದ್ದು ಈ ಒಬ್ಬಳದ್ದು. ಚಾ ಮುಟ್ಟದೆ ಎದ್ದು ಹೋದ.

ಮಾರನೆಯ ದಿನ ಮರಕ್ಕೆ ಕತ್ತಿ ಹಾಕಲಿಲ್ಲ. ಬಿಳಿ ಅಂಗಿ ಹಾಕಿಕೊಂಡು ಪುತ್ತೂರಿನ ಬಸ್ಸು ಹತ್ತಿದ. ಕಾಣಿಯೂರು ದಾಟುವಾಗ ಕಂಡಕ್ಟರ್ ಗುರುತು ಹಿಡಿದು, “ಅರೆ, ವರ್ಕಿ ಮಾವ! ಕಿಟಕಿ ಸೀಟು ಬೇಕಾ?” ಎಂದ. ಬಸ್ಸಿಡೀ ನಕ್ಕಿತು. ಜೋಸನಿಗೂ ನಗಬೇಕೆನಿಸಿತು, ಬರಲಿಲ್ಲ.

ಹಾಸ್ಟೆಲಿನ ಗೇಟಿನ ಒಳಗೆ, ನೆಲ್ಲಿಮರದ ಬುಡದಲ್ಲಿ, ಹೆತ್ತವರು ಬಂದರೆ ಕೂರಲು ಒಂದು ಸಿಮೆಂಟು ಬೆಂಚು. ಅದರ ತುದಿಯಲ್ಲಿ ಅವನು ಕುಳಿತ. ಡೈಸಿ ಬಂದಳು. ಕೂದಲು ನರೆತಿತ್ತು, ಕನ್ನಡಕ ಬಂದಿತ್ತು. ವರ್ಷಕ್ಕೊಮ್ಮೆ ಬಸ್ಸಿಳಿಯುವುದನ್ನು ದೂರದಿಂದ ಕಂಡದ್ದು ಬಿಟ್ಟರೆ ಇಷ್ಟು ಹತ್ತಿರದಿಂದ ನೋಡಿ ಯಾವ ಕಾಲವಾಯಿತೋ. ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಳು. ಅವರ ಮಾತು ಮಲಯಾಳದಲ್ಲಿ ನಡೆಯಿತು. ನಾವು ಕನ್ನಡದಲ್ಲಿ ಕೇಳಿಸಿಕೊಳ್ಳೋಣ.

“ಎಂತ ಬಂದದ್ದು?”

“ಸಿನಿಮಾ ನೋಡಿದ್ಯಂತೆ.”

“ಮಕ್ಕಳು ಎಳ್ಕೊಂಡು ಹೋದ್ರು.”

ಊರೆಲ್ಲ ಜೋಸನನ್ನು ಕೇಳಿತ್ತು. ಅವನು ಒಬ್ಬರನ್ನು ಕೇಳಿದ್ದು ಇದೇ ಮೊದಲು. “ಹೇಗಿತ್ತು?”

“ಚಂದ ಇಲ್ಲ,” ಎಂದಳು ಡೈಸಿ ಕಡ್ಡಿ ಮುರಿದ ಹಾಗೆ. “ಸತ್ತವರನ್ನು ಬಸ್ಸಲ್ಲಿ ಕೂರಿಸುದು, ಕನ್ನಡಕ ಹಾಕುದು. ಎಂತ ತಮಾಷೆ ಅದು? ನಂಗೆ ನಗು ಬರ್ಲಿಲ್ಲ. ಪೆಟ್ಟಿಗೆಯಲ್ಲಿ ಕಾಲುಚೀಲ ಬೇರೆ ಉಲ್ಟಾ. ಹೊಲಿಗೆ ಹೊರಗೆ ಕಾಣ್ತಿತ್ತು.”

“ನಾನೇ ಹಾಕಿದ್ದು.”

“ಗೊತ್ತಾಯ್ತು. ಯಾವತ್ತೂ ಹಾಗೇ ಹಾಕುದಲ್ವಾ ನೀವು.”

ಗೇಟಿನಿಂದ ಹುಡುಗಿಯರಿಬ್ಬರು ಒಳಗೆ ಹೋಗುತ್ತ ಜೋಸನನ್ನು ತಿರುತಿರುಗಿ ನೋಡಿ ಪಿಸುಗುಟ್ಟಿದರು. ಡೈಸಿ ಕಣ್ಣು ಬಿಟ್ಟು ನೋಡಿದ ಮೇಲೆ ಓಡಿದರು.

“ಆ ಹೆಂಗಸು ಬಗ್ಗಿದಾಗ,” ಎಂದಳು ಡೈಸಿ, ಗೇಟಿನ ಕಡೆಯೇ ನೋಡುತ್ತ. “ಕಣ್ಣಿಗೆ ಎಂತಾದ್ರೂ ಹಾಕಿದ್ರಾ? ಸಿನಿಮಾದವರು ಹಾಕ್ತಾರಂತಲ್ಲ.”

“ಇಲ್ಲ.”

“ಮತ್ತೆ?”

ಹೇಳುವುದು ಒಂದೇ ಹೆಸರು. ಅದನ್ನು ಅವನು ಕೊನೆಯ ಸಲ ಗಟ್ಟಿಯಾಗಿ ಹೇಳಿದ್ದು ಹೊಗೆಗೂಡಿನ ಆ ದಿನಕ್ಕೆ ಮೊದಲು. “ಲಿಜೋ,” ಎಂದ ಜೋಸ್.

ಡೈಸಿ ಅವನ ಕಡೆ ತಿರುಗಿದಳು.

“ಆ ದಿನ ನಾನು ಬಾರದ್ದು,” ಎಂದ ಜೋಸ್. ಒಂದೊಂದು ಮಾತನ್ನೂ ಬಾವಿಯಿಂದ ಸೇದಿದ ಹಾಗೆ ತೆಗೆದ. “ಎಲ್ಲರದ್ದೂ ಆಗದೆ ಮುಚ್ಚಳ ಹಾಕುದಿಲ್ಲ ಅಲ್ವಾ? ಅಪ್ಪನದ್ದು ಬಾಕಿ ಇದ್ರೆ ಕಾಯ್ತಾರೆ. ಕಾಯಲೇ ಬೇಕು. ನಾನು ಬಾರದಿದ್ರೆ ಮುಚ್ಲಿಕ್ಕೆ ಆಗುದಿಲ್ಲ ಅಂತ ಲೆಕ್ಕ ಮಾಡಿದ್ದೆ. ಅಷ್ಟು ಹೊತ್ತಾದ್ರೂ ಅವನು ಅಂಗಳದಲ್ಲಿ ಇರ್ತಾನೆ ಅಂತ. ಶೀಟು ಮಗುಚ್ತಾ ಇದ್ದೆ. ಮತ್ತೆ ಹೊರಗೆ ಬಂದು ನೋಡಿದ್ರೆ ಯಾರೂ ಇಲ್ಲ.”

ಎಷ್ಟು ವರ್ಷ ಹೊತ್ತುಕೊಂಡಿದ್ದ ಮಾತು. ಹೇಳಿ ಮುಗಿದಾಗ ಅದು ಎಷ್ಟು ಚಿಕ್ಕದು ಎಂದು ಅವನಿಗೇ ಆಶ್ಚರ್ಯವಾಯಿತು. ದೊಡ್ಡ ಗಂಡಸು, ಮಕ್ಕಳಾಟದ ಲೆಕ್ಕ ಹಾಕಿ ಹೊಗೆಯಲ್ಲಿ ನಿಂತಿದ್ದ.

ಡೈಸಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ತುಂಬ ಹೊತ್ತು ಒರೆಸಿದಳು.

“ಕಾದ್ರು,” ಎಂದಳು. “ನೀವು ತಿಳ್ಕೊಂಡದ್ದು ಸರಿ. ಯಾರೂ ಮುಚ್ಚಳ ಮುಟ್ಲಿಲ್ಲ. ಅಚ್ಚನ್ ಮತ್ತೆ ಮತ್ತೆ ಕೇಳಿದ್ರು, ಅಪ್ಪ ಎಲ್ಲಿ ಅಂತ. ಮಳೆ ಬರ್ಲಿಕ್ಕೆ ಶುರುವಾಯ್ತು. ಅವನ ಮುಖದ ಮೇಲೆ ಹನಿ ಬಿತ್ತು.” ಅವಳು ಕನ್ನಡಕ ಹಾಕಿಕೊಂಡಳು. “ನಾನು ಎರಡನೇ ಸಲ ಬಗ್ಗಿದೆ. ನಿಮ್ಮ ಪಾಲಿನದ್ದೂ ನಾನೇ ಕೊಟ್ಟೆ. ಇದು ಪಪ್ಪಂದು ಅಂತ ಅವನ ಕಿವಿಯಲ್ಲಿ ಹೇಳಿದೆ. ಆಮೇಲೆ ಮುಚ್ಚಿದ್ರು.”

ಜೋಸ್ ಎರಡೂ ಕೈಯಲ್ಲಿ ಬೆಂಚಿನ ಅಂಚನ್ನು ಹಿಡಿದುಕೊಂಡ. ಮಗನಿಗೆ ತನ್ನ ಮುತ್ತು ಸಿಗಲಿಲ್ಲ ಎಂದುಕೊಂಡಿದ್ದ, ಸಿಕ್ಕಿತ್ತು. ಅದನ್ನು ಕೊಟ್ಟವಳು ಇಷ್ಟು ವರ್ಷ ಹೇಳಲಿಲ್ಲ, ಅವನು ಕೇಳಲಿಲ್ಲ. ಇಬ್ಬರ ನಡುವೆ ಬೆಂಚಿನ ಮೇಲೆ ಇನ್ನೊಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಇಬ್ಬರೂ ಸರಿದು ಕೂರಲಿಲ್ಲ. ಸರಿಯುವ ಅಭ್ಯಾಸ ಅವರಿಗೆ ತಪ್ಪಿಹೋಗಿತ್ತು.

ಒಳಗೆ ಸಂಜೆಯ ಚಾದ ಬೆಲ್ಲು ಹೊಡೆಯಿತು. ಡೈಸಿ ಎದ್ದಳು. ಎರಡು ಹೆಜ್ಜೆ ಹೋದವಳು ತಿರುಗಿದಳು.

“ಲಿಜೋನ ಪಪ್ಪ,” ಎಂದಳು. “ಹೊರಡಿ. ಬಸ್ಸು ತಪ್ತದೆ.”

ಮತ್ತೆ ಒಳಗೆ ಹೋದಳು. ಬಾ ಎಂದು ಅವನು ಕರೆಯಲಿಲ್ಲ, ಬರುತ್ತೇನೆ ಎಂದು ಅವಳು ಹೇಳಲಿಲ್ಲ. ಅಲ್ಲಿ ಅವಳನ್ನು ಆಂಟಿ ಎಂದು ಕರೆಯುವ ಅಷ್ಟು ಹುಡುಗಿಯರಿದ್ದರು, ಅವರಿಗೆ ಚಾ ಕೊಡಬೇಕಿತ್ತು. ಇಲ್ಲಿ ಇವನಿಗೆ ಮರುದಿನ ಮರಗಳಿದ್ದವು. ಆ ಗೇಟು ದಾಟಿ ಬರುವಾಗ ಜೋಸನಿಗೆ ಹಿಂದೆಂದಿಗಿಂತ ಹೆಚ್ಚು ಒಂಟಿ ಅನ್ನಿಸಿತು. ಮುಂಚೆ ಕಳೆದುಕೊಂಡದ್ದು ಮಗನನ್ನು ಮಾತ್ರ ಎಂದು ತಿಳಿದಿದ್ದ. ಈಗ ಡೈಸಿಯನ್ನೂ ಲೆಕ್ಕಕ್ಕೆ ಸೇರಿಸಬೇಕಾಯಿತು.

ಕಡಬದಲ್ಲಿ ಬಸ್ಸಿಳಿದಾಗ ಅಫ್ರೀದ್ ಅಂಗಡಿಯ ಬಾಗಿಲಲ್ಲೇ ಇದ್ದ. ತೀರ್ಥರಾಮನ ಪಿಕಪ್ಪೂ ನಿಂತಿತ್ತು. ಚರ್ಚೆ ಇನ್ನೂ ಅಲ್ಲೇ ಇತ್ತು, ಬೆವರೋ ಕಣ್ಣೀರೋ. ಜೋಸ್ ಬಂದು ತನ್ನ ಮೂಲೆಯಲ್ಲಿ ಕುಳಿತ.

“ಜೋಸಣ್ಣ, ಇವತ್ತು ನೀವು ಹೇಳಲೇ ಬೇಕು,” ಎಂದ ಅಫ್ರೀದ್. “ಡೈರೆಕ್ಟರ್ ಹತ್ರ ಕೇಳಿ ಅನ್ಬೇಡಿ. ಪೆಟ್ಟಿಗೆಯಲ್ಲಿ ವರ್ಕಿ ಮಾವ ಸತ್ತಿದ್ದನಾ, ಬದುಕಿದ್ದನಾ?”

“ಬದುಕಿದ್ದ,” ಎಂದ ಜೋಸ್.

ತೀರ್ಥರಾಮ ತೊಡೆ ತಟ್ಟಿದ. “ಹೇಳ್ಲಿಲ್ವಾ ನಾನು?”

ಅಫ್ರೀದ್ ಒಪ್ಪುವವನಲ್ಲ. “ಬದುಕಿದ್ರೆ ಮತ್ತೆ ಬಾಯಿ ಬಿಟ್ಟು ಹೇಳ್ಬಾರದಾ ಮಾರಾಯ್ರೆ? ಮುತ್ತು ಕೊಡುವಷ್ಟು ಹತ್ರ ಹೆಂಡತಿ ಬಂದಿದ್ಲು. ಒಂದು ಮಾತು ಹೇಳಿದ್ರೆ ಮುಗಿದು ಹೋಗ್ತಿತ್ತಲ್ಲ.”

“ಹೌದು,” ಎಂದ ಜೋಸ್. ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. “ಹೇಳ್ಬೇಕಿತ್ತು. ಹೇಳುವಾಗ ತಡ ಆಯ್ತು.”